ಶಾಲೆಗೆ ಎಐ ನಿಯಮಾವಳಿ ಬರೆಯುವ ಬಗೆ

ನಿಯಮಾವಳಿಯ ಮೊದಲ ಸಾಲು ಬರೆಯುವ ಮುನ್ನ ಎರಡು ವಾರಗಳನ್ನು ಕೇಳಿ ತಿಳಿಯುವುದಕ್ಕೇ ಮೀಸಲಿಡಬೇಕು. ಕೃತಕ ಬುದ್ಧಿಮತ್ತೆ, ಅಂದರೆ ಎಐ, ಸರ್ಕಾರಿ ಶಾಲೆಗಳ ಒಳಗೆ ಯಾರ ಅಪ್ಪಣೆಗೂ ಕಾಯದೆ ಬಂದಾಗಿದೆ. ಮಕ್ಕಳು ಮನೆಯವರ ಫೋನಿನಲ್ಲಿ ಹೋಂವರ್ಕ್ ಮಾಡಿಸಿಕೊಳ್ಳುತ್ತಾರೆ, ಶಿಕ್ಷಕರು ಪ್ರಶ್ನೆಪತ್ರಿಕೆಯ ಕರಡು ತೆಗೆಸುತ್ತಾರೆ, ಕಚೇರಿಯಲ್ಲಿ ಪತ್ರಗಳಿಗೆ ಉತ್ತರ ಬರೆಸುತ್ತಾರೆ. ಇದನ್ನು ತಿಳಿಯದೆ ಬರೆದ ನಿಯಮ ಕಡತದಲ್ಲಿ ಉಳಿಯುತ್ತದೆ, ತರಗತಿಗೆ ಇಳಿಯುವುದಿಲ್ಲ. ಆದ್ದರಿಂದ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಹೆಸರು ಬರೆಯಬೇಕಿಲ್ಲದ ಚೀಟಿ ಕೊಟ್ಟು, ಎಐಯನ್ನು ಯಾವ ಕೆಲಸಕ್ಕೆ ಬಳಸಿದ್ದೀರಿ, ಯಾರ ಫೋನಿನಲ್ಲಿ ಬಳಸಿದ್ದೀರಿ, ಯಾವಾಗ ಅದು ತಪ್ಪು ಹೇಳಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಆ ಚೀಟಿಗಳನ್ನು ಯಾರನ್ನೂ ಹಿಡಿಯುವುದಕ್ಕೆ ಬಳಸುವುದಿಲ್ಲವೆಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ.

ಪೂರ್ತಿ ನಿಷೇಧಿಸಿಬಿಟ್ಟರೆ ಆಯಿತಲ್ಲ ಎಂಬ ಮಾತು ಪ್ರತಿ ಸಮಿತಿಯಲ್ಲೂ ಬರುತ್ತದೆ. ಕೇಳಿದ್ದಕ್ಕೆ ಬರಹದಲ್ಲಿ ಉತ್ತರ ಕೊಡುವ ಎಐ ಸಾಧನವಾದ ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದದ್ದು 2022ರ ನವೆಂಬರ್ 30ರಂದು. 2023ರ ಜನವರಿಯಲ್ಲಿ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳ ಆಡಳಿತವು ಶಾಲೆಯ ಜಾಲ ಮತ್ತು ಕಂಪ್ಯೂಟರ್‌ಗಳಲ್ಲಿ ಅದಕ್ಕೆ ತಡೆ ಹಾಕಿತು. ಅದೇ ವರ್ಷದ ಮೇ ತಿಂಗಳಲ್ಲಿ ಆ ತಡೆಯನ್ನು ಹಿಂತೆಗೆದುಕೊಂಡಿತು. ಶಾಲೆಯ ಜಾಲಕ್ಕೆ ಹಾಕಿದ ಬೀಗ ಮನೆಯ ಫೋನಿಗೆ ಅನ್ವಯಿಸುವುದಿಲ್ಲ. ನಿಷೇಧದ ಹೊರೆ ಬೀಳುವುದು ಮನೆಯಲ್ಲಿ ಫೋನಿಲ್ಲದ, ಶಾಲೆಯ ಕಂಪ್ಯೂಟರನ್ನೇ ನಂಬಿಕೊಂಡ ಮಕ್ಕಳ ಮೇಲೆ. ಹಾಗೆಂದು ಎಲ್ಲಕ್ಕೂ ಬಾಗಿಲು ತೆರೆಯಬೇಕೆಂದು ನಾನು ಹೇಳುತ್ತಿಲ್ಲ. ಎಲ್ಲಿ ಬೇಡ ಎಂಬುದನ್ನು ಕಾರಣ ಸಹಿತ ಹೇಳಬೇಕು, ಹೇಳಿದ್ದನ್ನು ಜಾರಿಗೆ ತರುವಂತಿರಬೇಕು.

ಸಾಧನಕ್ಕಲ್ಲ, ಕೆಲಸಕ್ಕೆ ನಿಯಮ

ಬಹುತೇಕ ಕರಡುಗಳು ಎಡವುವುದು ಇಲ್ಲಿ. ಅವು ಸಾಧನಗಳ ಹೆಸರಿನ ಪಟ್ಟಿ ಮಾಡಿ, ಇದಕ್ಕೆ ಅನುಮತಿ, ಅದಕ್ಕೆ ಇಲ್ಲ ಎನ್ನುತ್ತವೆ. ಆರು ತಿಂಗಳಲ್ಲಿ ಹೆಸರುಗಳು ಬದಲಾಗಿ ಪಟ್ಟಿ ಹಳತಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಅಭ್ಯಾಸದಲ್ಲಿ ಮಗುವಿನ ತಲೆಯೇ ಮಾಡಬೇಕಾದ ಕೆಲಸ ಯಾವುದು? ಉಳಿದೆಲ್ಲ ನಿಯಮಗಳೂ ಆ ಪ್ರಶ್ನೆಯ ಉತ್ತರದಿಂದಲೇ ಹೊರಡಬೇಕು.

ಒಂದು ಉದಾಹರಣೆ ನೋಡೋಣ. ಒಂದು ಪುಟದ ಬರಹವನ್ನು ಬೇರೆ ಭಾಷೆಯಿಂದ ಅನುವಾದಿಸಿಕೊಳ್ಳಲು ಎಂಟನೆಯ ತರಗತಿಯ ಹುಡುಗಿ ಎಐ ಬಳಸಿದಳೆಂದುಕೊಳ್ಳಿ. ಭಾಷಾ ತರಗತಿಯಲ್ಲಿ ಅನುವಾದವೇ ಅಭ್ಯಾಸವಾಗಿದ್ದರೆ ಅವಳು ಕಲಿಕೆಯನ್ನೇ ಬಿಟ್ಟುಕೊಟ್ಟಂತಾಯಿತು. ಇತಿಹಾಸದ ತರಗತಿಯಲ್ಲಿ ಎರಡು ಮೂಲಗಳನ್ನು ಹೋಲಿಸಿ ಅಭಿಪ್ರಾಯ ಬರೆಯುವುದು ಅಭ್ಯಾಸವಾಗಿದ್ದರೆ, ಅದೇ ಅನುವಾದ ಅವಳನ್ನು ಅಭ್ಯಾಸದ ಬಾಗಿಲಿಗೆ ತಂದು ನಿಲ್ಲಿಸಿದೆ. ಸಾಧನ ಒಂದೇ, ಮಗು ಒಂದೇ, ಪುಟವೂ ಒಂದೇ. ನಿಯಮ ಮಾತ್ರ ಎರಡು ಆಗಬೇಕು. ಈ ವ್ಯತ್ಯಾಸವನ್ನು ತೀರ್ಮಾನಿಸಬಲ್ಲವರು ಆಯಾ ವಿಷಯದ ಶಿಕ್ಷಕರು. ಹಾಗಾಗಿ ಶಾಲೆಯ ನಿಯಮಾವಳಿಯು ತೀರ್ಮಾನದ ಚೌಕಟ್ಟನ್ನು ಕೊಟ್ಟು, ಪ್ರತಿ ಅಭ್ಯಾಸದ ತೀರ್ಮಾನವನ್ನು ಶಿಕ್ಷಕರಿಗೆ ಬಿಡಬೇಕು.

ಚೌಕಟ್ಟು ಸರಳವಾಗಿದ್ದಷ್ಟೂ ಒಳ್ಳೆಯದು. ಕೆಲವು ಅಭ್ಯಾಸಗಳಲ್ಲಿ ಎಐ ಬೇಡ. ಕೆಲವದರಲ್ಲಿ ಇಂತಿಷ್ಟಕ್ಕೆ ಬಳಸಬಹುದು, ಆದರೆ ಬಳಸಿದ್ದನ್ನು ಬರೆದು ತಿಳಿಸಬೇಕು. ಇನ್ನು ಕೆಲವದರಲ್ಲಿ ಎಐ ಕೊಟ್ಟ ಉತ್ತರವನ್ನು ಪರೀಕ್ಷಿಸುವುದೇ ಪಾಠ. ಶಿಕ್ಷಕರು ಅಭ್ಯಾಸ ಕೊಡುವಾಗಲೇ ಈ ಮೂರರಲ್ಲಿ ಯಾವುದೆಂದು ಕಪ್ಪುಹಲಗೆಯ ಮೇಲೆ ಬರೆಯಬೇಕು. ಉದಾಹರಣೆಗೆ: ‘ಬೀಜ ಮೊಳಕೆಯೊಡೆಯುವುದನ್ನು ಐದು ದಿನ ನೋಡಿ ನೀವು ಕಂಡದ್ದನ್ನೇ ಬರೆಯಿರಿ. ಇದಕ್ಕೆ ಎಐ ಬೇಡ, ಏಕೆಂದರೆ ನಿಮ್ಮ ಲೋಟದ ಬೀಜವನ್ನು ಅದು ನೋಡಿಲ್ಲ.’ ಕಾರಣ ಸೇರಿದ ಇಂಥ ಒಂದು ಸಾಲು ಹತ್ತು ಪುಟದ ಎಚ್ಚರಿಕೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಶಿಕ್ಷಕರು ಏನೂ ಹೇಳದಿದ್ದಾಗ ಯಾವುದು ಅನ್ವಯಿಸುತ್ತದೆ ಎಂಬುದನ್ನೂ ನಿಯಮಾವಳಿಯಲ್ಲೇ ಬರೆದಿಡಿ. ಇದನ್ನು ಮರೆತ ಶಾಲೆಗಳಲ್ಲಿ ತಕರಾರು ಹುಟ್ಟುವುದು ಇಲ್ಲಿಂದಲೇ.

ಬಳಕೆಯನ್ನು ತಿಳಿಸುವ ರೀತಿ ಮಗುವಿಗೆ ಭಾರವಾಗಬಾರದು. ಪುಟದ ಕೆಳಗೆ ಎರಡು ಸಾಲು ಸಾಕು: ‘ಶೀರ್ಷಿಕೆಗೆ ಐದು ಸಲಹೆ ಕೇಳಿದೆ, ಎರಡನೆಯದನ್ನು ಬದಲಿಸಿ ತೆಗೆದುಕೊಂಡೆ. ಉಳಿದದ್ದು ನಾನೇ ಬರೆದದ್ದು.’ ಹೀಗೆ ಬರೆದ ಮಗುವಿನ ಅಂಕ ಕತ್ತರಿಸಿದರೆ ಮರುದಿನದಿಂದ ಯಾರೂ ನಿಜ ಬರೆಯುವುದಿಲ್ಲ. ಶಿಕ್ಷಕರಿಗೂ ಇದೇ ನಿಯಮ ಇರಲಿ. ಪ್ರಶ್ನೆಪತ್ರಿಕೆಯ ಕರಡನ್ನು ಎಐಯಿಂದ ತೆಗೆಸಿದವರು ಅದನ್ನು ತಿಳಿಸಬೇಕು ಮತ್ತು ಪ್ರತಿ ಪ್ರಶ್ನೆಗೂ ತಾವೇ ಉತ್ತರ ಬರೆದು ನೋಡಿರಬೇಕು.

ಅಂಗವೈಕಲ್ಯವಿರುವ ಮಕ್ಕಳಿಗೆ ಓದಿ ಹೇಳುವ, ಮಾತನ್ನು ಬರಹಕ್ಕೆ ಇಳಿಸುವ ಸಾಧನಗಳು ಕನ್ನಡಕದಷ್ಟೇ ಸಹಜವಾದ ಅಗತ್ಯ. ‘ಎಐ ಬೇಡ’ ಎಂಬ ಅಭ್ಯಾಸಗಳಲ್ಲೂ ಅವು ದೊರೆಯುತ್ತವೆಂದು ನಿಯಮದಲ್ಲಿ ಸ್ಪಷ್ಟವಾಗಿ ಬರೆಯಿರಿ. ಹಾಗೆಯೇ, ಮನೆಯಲ್ಲಿ ಎಐ ಬಳಸಲೇಬೇಕಾದ ಹೋಂವರ್ಕನ್ನು ಕೊಡಬಾರದು.

ಅನುಮಾನ ಬಂದಾಗ

ನಿಯಮಾವಳಿಯ ಅತಿ ಎಚ್ಚರದ ಭಾಗ ಇದು. ಬರಹವನ್ನು ಎಐ ಬರೆದಿದೆಯೇ ಎಂದು ಪತ್ತೆ ಮಾಡುತ್ತೇವೆನ್ನುವ ತಂತ್ರಾಂಶಗಳ ಫಲಿತಾಂಶವನ್ನು ಶಿಕ್ಷೆಗೆ ಸಾಕ್ಷ್ಯವಾಗಿ ಬಳಸುವುದಿಲ್ಲವೆಂದು ಖಡಾಖಂಡಿತವಾಗಿ ಬರೆಯಬೇಕು. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಇಂಥ ಪತ್ತೆ ಸಾಧನವೊಂದನ್ನು ಹೊರತಂದಿತ್ತು. ಅದರದೇ ಲೆಕ್ಕದ ಪ್ರಕಾರ ಆ ಸಾಧನವು ಎಐ ಬರೆದದ್ದರಲ್ಲಿ ಶೇ. 26ರಷ್ಟನ್ನು ಮಾತ್ರ ಸರಿಯಾಗಿ ಗುರುತಿಸುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ ಶೇ. 9ರಷ್ಟನ್ನು ಎಐಯದೆಂದು ತಪ್ಪಾಗಿ ಹೇಳುತ್ತಿತ್ತು. ನಿಖರತೆ ಸಾಲದೆಂದು ಸಂಸ್ಥೆ ಅದನ್ನು ಅದೇ ವರ್ಷದ ಜುಲೈಯಲ್ಲಿ ಹಿಂತೆಗೆದುಕೊಂಡಿತು. 2023ರಲ್ಲೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಬರೆದ 91 ಪ್ರಬಂಧಗಳಲ್ಲಿ ಸರಾಸರಿ ಶೇ. 61ಕ್ಕೂ ಹೆಚ್ಚಿನವು ಎಐ ಬರೆದವೆಂಬ ಹಣೆಪಟ್ಟಿ ಪಡೆದವು. ಸರಳ ಪದ, ನೇರ ವಾಕ್ಯ ಬಳಸಿದ್ದೇ ಆ ವಿದ್ಯಾರ್ಥಿಗಳಿಗೆ ಮುಳುವಾಯಿತು. ಎರಡನೆಯ ಭಾಷೆಯಲ್ಲಿ ಕಷ್ಟಪಟ್ಟು ಬರೆಯುವ ಮಕ್ಕಳೇ ತುಂಬಿರುವ ಶಾಲೆಯಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಂಥದೊಂದು ವಿಚಾರಣೆಯಲ್ಲಿ ನಾನು ಕೂತಿದ್ದೆ. ಪರದೆಯ ಮೇಲೆ ಶೇಕಡಾವಾರು ಸಂಖ್ಯೆಯೊಂದು ಕೆಂಪು ಬಣ್ಣದಲ್ಲಿತ್ತು. ಎದುರಿಗೆ ಕೂತ ಹುಡುಗ ತಲೆ ಎತ್ತಲಿಲ್ಲ. ಕರಡು ಇದೆಯೇ ಎಂದು ಯಾರೋ ಕೊನೆಗೆ ಕೇಳಿದಾಗ ಅವನು ಚೀಲದಿಂದ ರಫ್ ಪುಸ್ತಕ ತೆಗೆದ. ನಾಲ್ಕು ಪುಟ ಹೊಡೆದುಹಾಕಿದ ಸಾಲುಗಳು, ಅಂಚಿನಲ್ಲಿ ಬಾಣದ ಗುರುತು, ಒಂದೇ ವಾಕ್ಯವನ್ನು ಮೂರು ಸಲ ಬರೆದು ನೋಡಿದ್ದು ಎಲ್ಲವೂ ಅದರಲ್ಲಿದ್ದವು. ಅದನ್ನು ಮೊದಲೇ ಕೇಳಿದ್ದರೆ ಆ ಹುಡುಗ ಅಲ್ಲಿಗೆ ಬರಬೇಕಾಗಿಯೇ ಇರಲಿಲ್ಲ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಅನುಮಾನ ಬಂದರೆ ಶಿಕ್ಷಕರು ಮೊದಲು ಮಗುವಿನೊಂದಿಗೆ ಒಬ್ಬರೇ ಕೂತು ಹತ್ತು ನಿಮಿಷ ಮಾತನಾಡಬೇಕು. ಈ ವಾದ ನಿನಗೆ ಹೇಗೆ ಹೊಳೆಯಿತು, ಈ ಪದದ ಅರ್ಥವೇನು, ಈ ಲೆಕ್ಕದ ಮೂರನೆಯ ಹಂತವನ್ನು ಏಕೆ ಹೀಗೆ ಮಾಡಿದೆ ಎಂದು ಕೇಳಬೇಕು, ಕರಡನ್ನು ನೋಡಬೇಕು. ಆಮೇಲೂ ಅನುಮಾನ ಉಳಿದರೆ ಅದೇ ಬಗೆಯ ಅಭ್ಯಾಸವನ್ನು ತರಗತಿಯಲ್ಲಿ ಮತ್ತೆ ಮಾಡಿಸಬಹುದು. ತಪ್ಪನ್ನು ಸಾಬೀತು ಮಾಡುವ ಹೊಣೆ ಶಾಲೆಯದು. ತಾನು ಬರೆದದ್ದೇ ಹೌದೆಂದು ರುಜುವಾತು ಮಾಡುವ ಹೊರೆಯನ್ನು ಮಗುವಿನ ಮೇಲೆ ಹಾಕಬಾರದು. ತೀರ್ಮಾನವನ್ನು ಲಿಖಿತವಾಗಿ ಕೊಟ್ಟು, ಅದನ್ನು ಪ್ರಶ್ನಿಸಲು ಪೋಷಕರು ಯಾರ ಬಳಿ ಹೋಗಬೇಕೆಂದೂ ಅದರಲ್ಲೇ ಬರೆಯಬೇಕು.

ಸಹಪಾಠಿಯ ಅಥವಾ ಶಿಕ್ಷಕರ ಫೋಟೊ ಬಳಸಿ ಅಶ್ಲೀಲ ಚಿತ್ರವನ್ನೋ ನಕಲಿ ಧ್ವನಿಯನ್ನೋ ಸೃಷ್ಟಿಸುವುದನ್ನು ಕಾಪಿ ಹೊಡೆಯುವ ನಿಯಮದಡಿ ಸೇರಿಸಬೇಡಿ. ಅದು ಮಕ್ಕಳ ರಕ್ಷಣೆಯ ವಿಷಯ. ಆ ಚಿತ್ರವನ್ನು ಸಾಕ್ಷ್ಯಕ್ಕೆಂದು ಸಿಬ್ಬಂದಿ ತಮ್ಮ ಫೋನಿಗೆ ತರಿಸಿಕೊಳ್ಳಬಾರದು, ಯಾರಿಗೂ ಕಳುಹಿಸಬಾರದು. ನೊಂದ ಮಗುವಿನ ಪೋಷಕರಿಗೂ ಕಾನೂನು ಸೂಚಿಸುವ ಅಧಿಕಾರಿಗೂ ಅದೇ ದಿನ ತಿಳಿಸಬೇಕು.

ಮಕ್ಕಳ ಮಾಹಿತಿ, ಮಕ್ಕಳ ಅಂಕ

ವಿದ್ಯಾರ್ಥಿಯ ಹೆಸರು, ಅಂಕಪಟ್ಟಿ, ಆರೋಗ್ಯದ ವಿವರ, ಫೋಟೊ, ಮನೆಯ ಪರಿಸ್ಥಿತಿ ಇವು ಯಾವುವೂ ಶಾಲೆ ಒಪ್ಪಂದ ಮಾಡಿಕೊಳ್ಳದ ಎಐ ಸೇವೆಗೆ ಹೋಗಕೂಡದು. ಈ ತಪ್ಪನ್ನು ಹೆಚ್ಚಾಗಿ ಮಾಡುವವರು ಮಕ್ಕಳಲ್ಲ. ಮೂವತ್ತು ಪ್ರಗತಿ ವರದಿಗಳನ್ನು ಒಂದೇ ಸಂಜೆ ಮುಗಿಸಬೇಕಾದ ಶಿಕ್ಷಕರು. ಹೆಸರು ತೆಗೆದು ಹೇಗೆ ಕೇಳಬೇಕೆಂದು ಅವರಿಗೆ ತೋರಿಸಿಕೊಡುವುದು ಎಚ್ಚರಿಕೆಯ ಸುತ್ತೋಲೆಗಿಂತ ಉಪಯುಕ್ತ.

ವಯಸ್ಸಿನ ವಿಷಯದಲ್ಲಿ ಮೊದಲು ನಿಮ್ಮ ದೇಶದ ಕಾನೂನನ್ನು ನೋಡಿ. ಅಮೆರಿಕದ 1998ರ ಕಾಯ್ದೆ 13 ವರ್ಷದೊಳಗಿನ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ವಿಶ್ವಸಂಸ್ಥೆಯ ಶಿಕ್ಷಣ ಅಂಗಸಂಸ್ಥೆಯಾದ ಯುನೆಸ್ಕೊ 2023ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ, ಇಂಥ ಸಾಧನಗಳೊಂದಿಗೆ ಮಕ್ಕಳು ತಾವಾಗಿಯೇ ಸಂಭಾಷಿಸಲು ಕನಿಷ್ಠ 13 ವರ್ಷ ಆಗಿರಬೇಕೆಂಬ ಮಿತಿಯನ್ನು ಸೂಚಿಸಿತು.

ಪೋಷಕರ ಸಹಿ ಒಂದಿದ್ದರೆ ಎಲ್ಲವೂ ಸರಿ ಎಂದು ತಿಳಿಯುವುದು ತಪ್ಪು. ಸ್ವೀಡನ್ನಿನ ಷೆಲೆಫ್ಟಿಯೊ ಪುರಸಭೆಯ ಪ್ರೌಢಶಾಲೆಯೊಂದರಲ್ಲಿ 22 ವಿದ್ಯಾರ್ಥಿಗಳ ಹಾಜರಿಯನ್ನು ಕೆಲವು ವಾರ ಮುಖ ಗುರುತಿಸುವ ಕ್ಯಾಮೆರಾದಿಂದ ತೆಗೆದುಕೊಳ್ಳಲಾಗಿತ್ತು. ಪೋಷಕರ ಒಪ್ಪಿಗೆ ಪಡೆದಿದ್ದೇವೆ ಎಂಬುದು ಶಾಲೆಯ ವಾದವಾಗಿತ್ತು. ಶಾಲೆಯ ಅಧೀನದಲ್ಲಿರುವ ವಿದ್ಯಾರ್ಥಿಗಳ ಪರವಾಗಿ ಕೊಟ್ಟ ಒಪ್ಪಿಗೆಯನ್ನು ಸ್ವತಂತ್ರ ಒಪ್ಪಿಗೆ ಎನ್ನಲಾಗದೆಂದು ಹೇಳಿದ ಅಲ್ಲಿನ ದತ್ತಾಂಶ ರಕ್ಷಣಾ ಪ್ರಾಧಿಕಾರವು 2019ರಲ್ಲಿ ಎರಡು ಲಕ್ಷ ಸ್ವೀಡಿಷ್ ಕ್ರೋನ ದಂಡ ವಿಧಿಸಿತು. ಒಂದು ಹಾಜರಿ ಪುಸ್ತಕದಿಂದ ಆಗುವ ಕೆಲಸಕ್ಕೆ ಮಗುವಿನ ಮುಖದ ಅಳತೆ ಏಕೆ ಬೇಕು ಎಂಬ ಪ್ರಶ್ನೆಯನ್ನು ಪ್ರತಿ ಖರೀದಿಯ ಮುಂದೆಯೂ ಇಡಿ. ಖರೀದಿಯ ಒಪ್ಪಂದದಲ್ಲಿ ಮಕ್ಕಳ ಬರಹವನ್ನು ಎಐ ತರಬೇತಿಗೆ ಬಳಸುವುದಿಲ್ಲ, ವರ್ಷದ ಕೊನೆಗೆ ಅಳಿಸುತ್ತೇವೆ ಎಂಬ ಮಾತುಗಳು ಲಿಖಿತವಾಗಿರಬೇಕು.

ಅಂಕ, ಪ್ರವೇಶ, ಶಿಸ್ತು ಕ್ರಮಗಳ ಕೊನೆಯ ತೀರ್ಮಾನ ಮನುಷ್ಯರದೇ ಆಗಿರಬೇಕು, ಆ ತೀರ್ಮಾನ ಯಾರದೆಂದು ಹೆಸರು ಹೇಳುವಂತಿರಬೇಕು. 2020ರಲ್ಲಿ ಕೋವಿಡ್‌ನಿಂದ ಪರೀಕ್ಷೆ ರದ್ದಾದಾಗ ಇಂಗ್ಲೆಂಡಿನಲ್ಲಿ ಶಾಲೆ ಮುಗಿಸುವವರು ಬರೆಯುವ ಎ–ಲೆವೆಲ್ ಪರೀಕ್ಷೆಯ ಶ್ರೇಣಿಗಳನ್ನು ಗಣಿತ ಸೂತ್ರವೊಂದು ಹೊಂದಿಸಿತು. ಅದು ಇಂದಿನ ಅರ್ಥದ ಎಐ ಆಗಿರಲಿಲ್ಲ, ಆದರೆ ಪಾಠ ಅದೇ: ಶಿಕ್ಷಕರು ಅಂದಾಜಿಸಿದ ಶ್ರೇಣಿಗಳಲ್ಲಿ ಶೇ. 40ರ ಹತ್ತಿರದಷ್ಟು ಕೆಳಗಿಳಿದವು, ಮಕ್ಕಳು ಬೀದಿಗಿಳಿದರು, ಆಗಸ್ಟ್ 17ರಂದು ಸರ್ಕಾರ ಶಿಕ್ಷಕರ ಶ್ರೇಣಿಗಳಿಗೇ ಮರಳಿತು. 2024ರ ಐರೋಪ್ಯ ಒಕ್ಕೂಟದ ಎಐ ಕಾಯ್ದೆಯು ಪ್ರವೇಶ ನಿರ್ಧರಿಸುವ, ಕಲಿಕೆಯ ಮೌಲ್ಯಮಾಪನ ಮಾಡುವ, ಪರೀಕ್ಷೆಯಲ್ಲಿ ಮಕ್ಕಳ ಮೇಲೆ ನಿಗಾ ಇಡುವ ವ್ಯವಸ್ಥೆಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ. ಮುಖ ನೋಡಿ ಭಾವನೆ ಊಹಿಸುವ ಸಾಧನಗಳನ್ನು ಶಾಲೆಗಳಲ್ಲಿ ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳ ಹೊರತು 2025ರ ಫೆಬ್ರುವರಿ 2ರಿಂದ ನಿಷೇಧಿಸಿದೆ. ಅಂಥ ಕಾನೂನು ಇಲ್ಲದ ಕಡೆಯೂ ಶಾಲೆ ಇದನ್ನು ತನ್ನ ನಿಯಮವಾಗಿ ಮಾಡಿಕೊಳ್ಳಬಹುದು.

ಕಲಿಸುವುದು

ಬಳಕೆಯ ನಿಯಮ ಬರೆದು, ಎಐ ಎಂದರೇನೆಂದು ಕಲಿಸದೆ ಬಿಟ್ಟರೆ ಅರ್ಧ ಕೆಲಸವಾದಂತೆ. ಯುನೆಸ್ಕೊ 2024ರಲ್ಲಿ ವಿದ್ಯಾರ್ಥಿಗಳಿಗೆ 12, ಶಿಕ್ಷಕರಿಗೆ 15 ಸಾಮರ್ಥ್ಯಗಳ ಚೌಕಟ್ಟುಗಳನ್ನು ಪ್ರಕಟಿಸಿದೆ; ಪಠ್ಯಕ್ರಮ ಸಿದ್ಧಪಡಿಸುವವರಿಗೆ ಅವು ಒಳ್ಳೆಯ ಆರಂಭ. ಮೊದಲ ಪಾಠಕ್ಕೆ ಕಂಪ್ಯೂಟರ್ ಕೂಡ ಬೇಡ. ‘ಮಳೆ ನಿಂತ ಮೇಲೆ ಮಕ್ಕಳು’ ಎಂದು ಹಲಗೆಯ ಮೇಲೆ ಬರೆದು, ಮುಂದಿನ ಪದವನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ. ಹೆಚ್ಚು ಬಂದ ಪದವನ್ನು ಸೇರಿಸಿ, ಅದರ ಮುಂದಿನದನ್ನು ಕೇಳಿ. ಐದಾರು ಸುತ್ತಿನಲ್ಲಿ ಯಾರೂ ಕಣ್ಣಾರೆ ಕಾಣದ, ಆದರೆ ಓದಲು ಸರಾಗವಾದ ವಾಕ್ಯವೊಂದು ಹಲಗೆಯ ಮೇಲೆ ನಿಂತಿರುತ್ತದೆ. ಇದು ನಿಜವೇ ಎಂದು ಆಗ ಕೇಳಿ. ಚಾಟ್‌ಜಿಪಿಟಿಯಂಥ ಸಾಧನಗಳ ಒಳಗಿರುವ ಭಾಷಾ ಮಾದರಿಗಳು ಸಂಭವನೀಯ ಪದವನ್ನು ಜೋಡಿಸುತ್ತಾ ಹೋಗುತ್ತವೆ, ಆದ್ದರಿಂದಲೇ ಸುಳ್ಳನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತವೆ ಎಂಬುದು ಮಕ್ಕಳಿಗೆ ಅಲ್ಲಿಯೇ ಹೊಳೆಯುತ್ತದೆ.

ಎರಡನೆಯ ಪಾಠಕ್ಕೆ ಶಿಕ್ಷಕರು ತಮ್ಮ ಸಾಧನದಲ್ಲಿ ಶಾಲೆಯ ಚರಿತ್ರೆಯ ಬಗ್ಗೆ ಕೇಳಿ, ಬಂದ ಉತ್ತರವನ್ನು ಮುದ್ರಿಸಿ ತರಲಿ. ಮಕ್ಕಳು ಅದನ್ನು ಶಾಲೆಯ ದಾಖಲೆಗಳೊಂದಿಗೆ ಹೋಲಿಸಿ ತಪ್ಪಿಗೆ ಕೆಂಪು ಗೆರೆ ಎಳೆಯಲಿ. ಈ ಪರೀಕ್ಷೆಯನ್ನು ಬೋಧನಾ ಮಾಧ್ಯಮದ ಭಾಷೆಯಲ್ಲೇ ಮಾಡಬೇಕು; ಜಾಲದಲ್ಲಿ ಕಡಿಮೆ ಬರಹವಿರುವ ಭಾಷೆಗಳಲ್ಲಿ ಈ ಸಾಧನಗಳು ಹೆಚ್ಚು ಎಡವುತ್ತವೆ.

ಕರಡು ಸಿದ್ಧವಾದ ಮೇಲೆ ಅದನ್ನು ಒಬ್ಬ ಆರನೆಯ ತರಗತಿಯ ಮಗುವಿನಿಂದ ಗಟ್ಟಿಯಾಗಿ ಓದಿಸಿ, ಅರ್ಥವಾಗದ ಪದಗಳನ್ನು ಬದಲಿಸಿ. ಮಕ್ಕಳಿಗೆ ಒಂದು ಪುಟ, ಪೋಷಕರಿಗೆ ಒಂದು ಪುಟ, ಎರಡೂ ಮನೆಮಾತಿನಲ್ಲಿ ಇರಲಿ. ಕೊನೆಯಲ್ಲಿ ಜಾರಿಯ ದಿನಾಂಕವನ್ನೂ, ಸಂದೇಹ ಬಂದರೆ ಕೇಳಬೇಕಾದ ಶಿಕ್ಷಕರ ಹೆಸರನ್ನೂ, ಒಂದು ವರ್ಷದೊಳಗೆ ಮರುಪರಿಶೀಲನೆಗೆ ಸಮಿತಿ ಸೇರುವ ದಿನವನ್ನೂ ನಮೂದಿಸಿ. ಆ ಸಭೆಗೆ ಹೆಸರಿಲ್ಲದ ಚೀಟಿಗಳನ್ನು ಮತ್ತೊಮ್ಮೆ ಹಂಚಿ, ಮೊದಲ ವರ್ಷದ ಚೀಟಿಗಳ ಪಕ್ಕದಲ್ಲಿಟ್ಟು ಓದಿ.