ಎಂಟು ವಾಟ್‌ನಲ್ಲಿ ಗಟ್ಟಿ ಬೇಸ್: ನನ್ನ ಅನುಭವ

ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿಂದ ನಡೆಯುವ ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡವರಿಗೆ ಸಿಗುವ ಬಿಟ್ಟಿ ಸಲಹೆ ಒಂದೇ: ‘ಬೇಸ್ ಆಸೆ ಬಿಡಿ, ಇಲ್ಲವೇ ಸಬ್‌ವೂಫರ್ ತಗೊಳ್ಳಿ.’ ನನ್ನದು ಚಾನೆಲ್‌ಗೆ ಒಂದೇ 300ಬಿ ವಾಲ್ವ್ ಇರುವ ಸಿಂಗಲ್ ಎಂಡೆಡ್, ಹೆಚ್ಚೆಂದರೆ 8 ವಾಟ್. ಸಬ್‌ವೂಫರ್ ತಗೊಳ್ಳಲಿಲ್ಲ. ಬೇಸ್ ಗಿಟಾರಿನ ದಪ್ಪ ತಂತಿಯ 41 ಹರ್ಟ್ಜ್ ಈಗ ನನ್ನ ಕೋಣೆಯಲ್ಲಿ ಸಲೀಸಾಗಿ ಕೇಳುತ್ತದೆ.

ದುಡ್ಡು ಮೊದಲು ಹೋದದ್ದು ಆರೂವರೆ ಇಂಚಿನ ಪುಟ್ಟ ಸ್ಪೀಕರ್ ಜೋಡಿಗೆ. ಕಾಗದದ ಮೇಲೆ ಅದರ ಸೆನ್ಸಿಟಿವಿಟಿ (2.83 ವೋಲ್ಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಬರುವ ಸದ್ದು) 88 ಡೆಸಿಬೆಲ್, ಆದರೆ 4 ಓಮ್. ಅಲ್ಲಿ 2.83 ವೋಲ್ಟ್ ಅಂದರೆ 2 ವಾಟ್, ಹಾಗಾಗಿ ಒಂದು ವಾಟ್‌ಗೆ ಉಳಿಯುವುದು 85 ಮಾತ್ರ. ತಬಲದ ಬಾಯಾ ಕೇಳಿದರೆ ರಟ್ಟಿನ ಡಬ್ಬಿ ಬಡಿದ ಹಾಗಿತ್ತು. ಅರ್ಧ ಬೆಲೆಗೆ ಮಾರಿದೆ. ಆಮೇಲೆ ತಂದದ್ದು ಸ್ಟೇಜಿನ ಹಳೇ ಪೆಟ್ಟಿಗೆಗಳು, 99 ಡೆಸಿಬೆಲ್. ಸದ್ದಿಗೇನೂ ಬರವಿಲ್ಲ, ಆದರೆ 80 ಹರ್ಟ್ಜ್ ಕೆಳಗೆ ಏನೂ ಇಲ್ಲ. ಪೆಟ್ಟಿಗೆ ಚಿಕ್ಕದಿರಬೇಕು, ಸದ್ದು ಜೋರಿರಬೇಕು, ಬೇಸ್ ಆಳಕ್ಕಿಳಿಯಬೇಕು ಎಂದರೆ ಮೂರೂ ಒಟ್ಟಿಗೆ ಸಿಗುವುದಿಲ್ಲ. ನಾನು ಬಿಟ್ಟುಕೊಟ್ಟದ್ದು ಜಾಗವನ್ನು.

ಕೊನೆಗೆ ಆರಿಸಿದ್ದು 15 ಇಂಚಿನ ವೂಫರ್ (ಬೇಸ್ ನುಡಿಸುವ ಸ್ಪೀಕರ್): ಎಫ್‌ಎಸ್ (ಕೋನ್ ತಾನಾಗಿ ಕಂಪಿಸುವ ಆವರ್ತನ) 38 ಹರ್ಟ್ಜ್ ಆಸುಪಾಸು, ವಿಎಎಸ್ (ಕೋನ್‌ನಷ್ಟೇ ಸ್ಪ್ರಿಂಗ್ ಗುಣ ಇರುವ ಗಾಳಿಯ ಪ್ರಮಾಣ) 200 ಲೀಟರ್, ಸುಮಾರು 97 ಡೆಸಿಬೆಲ್, ಕ್ಯುಟಿಎಸ್ (ಕೋನ್ ಮೇಲಿನ ಹಿಡಿತದ ಅಳತೆ, ಕಡಿಮೆ ಇದ್ದಷ್ಟೂ ಹಿಡಿತ ಬಿಗಿ) 0.3. ‘0.3ಕ್ಕೆ ಬೇಸ್ ಬೇಗ ಸೋರಿಹೋಗುತ್ತೆ’ ಎಂದು ಗೆಳೆಯರು ತಲೆಯಾಡಿಸಿದರು. ಅವರ ಲೆಕ್ಕದಲ್ಲಿ ಆಂಪ್ಲಿಫೈಯರೇ ಇರಲಿಲ್ಲ. ಫೀಡ್‌ಬ್ಯಾಕ್ (ಔಟ್‌ಪುಟ್‌ನ ಸ್ವಲ್ಪ ಭಾಗವನ್ನು ಹಿಂದಕ್ಕೆ ಕೊಟ್ಟು ತಪ್ಪು ತಿದ್ದುವ ಏರ್ಪಾಡು) ಇಲ್ಲದ ಇಂಥ ವಾಲ್ವ್ ಆಂಪ್ಲಿಫೈಯರ್‌ಗೆ ಎರಡು–ಎರಡೂವರೆ ಓಮ್ ಔಟ್‌ಪುಟ್ ಇಂಪಿಡೆನ್ಸ್ (ಅದರೊಳಗಿನ ತಡೆ) ಇರುತ್ತದೆ. ಅದು ಕೋನ್ ಮೇಲಿನ ಹಿಡಿತ ಸಡಿಲಿಸಿ 0.3 ಅನ್ನು 0.4ರ ಹತ್ತಿರ ತರುತ್ತದೆ. ರಿಫ್ಲೆಕ್ಸ್ ಪೆಟ್ಟಿಗೆಗೆ, ಅಂದರೆ ಗಾಳಿಯಾಡುವ ಪೋರ್ಟ್ ಪೈಪ್ ಇರುವ ಪೆಟ್ಟಿಗೆಗೆ, ಬೇಕಾದದ್ದೂ ಅದೇ.

ಪೆಟ್ಟಿಗೆ 160 ಲೀಟರ್. ಪ್ಲೈವುಡ್, ಬಡಗಿಯ ಕೂಲಿ, ಬಣ್ಣ ಸೇರಿ ವೂಫರ್ ಜೋಡಿಗಿಂತ ಹೆಚ್ಚೇ ಖರ್ಚಾಯಿತು. ಸಾವಿರ ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ ಇಂಪಿಡೆನ್ಸ್ ಗೆರೆ (ಆವರ್ತನದೊಡನೆ ತಡೆ ಬದಲಾಗುವ ನಕ್ಷೆ) ತೆಗೆದಾಗ ಎರಡು ಶಿಖರಗಳ ನಡುವಿನ ತಗ್ಗು, ಅಂದರೆ ಪೆಟ್ಟಿಗೆಯ ಶ್ರುತಿ, 43 ಹರ್ಟ್ಜ್‌ನಲ್ಲಿತ್ತು. ಪೋರ್ಟ್ ಪೈಪನ್ನು ಎರಡು–ಮೂರು ಇಂಚು ಉದ್ದ ಮಾಡಿದೆ, 38ಕ್ಕೆ ಇಳಿಯಿತು. ಈ ಅಳತೆಗೆ ಒಂದು ಸಂಜೆ ಸಾಕು, ಆದರೂ ಬಹಳ ಜನ ಮಾಡುವುದೇ ಇಲ್ಲ, ಬರೀ ಕೇಬಲ್ ಬದಲಾಯಿಸುತ್ತಾ ಕೂರುತ್ತಾರೆ.

ಮೇಲಿನ ಸ್ವರಗಳನ್ನು ನುಡಿಸುವ ಕಂಪ್ರೆಷನ್ ಡ್ರೈವರ್ 108 ಡೆಸಿಬೆಲ್‌ನದು. ಅದನ್ನು ಎಲ್-ಪ್ಯಾಡ್ (ಸದ್ದು ತಗ್ಗಿಸುವ ರೆಸಿಸ್ಟರ್ ಜೋಡಿ) ಹಾಕಿ ವೂಫರ್ ಮಟ್ಟಕ್ಕೆ ಇಳಿಸಿದ್ದೇನೆ. ಇವೆರಡರ ನಡುವೆ ಸ್ವರಗಳನ್ನು ಹಂಚುವ ಕ್ರಾಸ್‌ಓವರ್ 800 ಹರ್ಟ್ಜ್ ಸುತ್ತ. ಅದರ ಕಾಯಿಲ್, ಕೆಪಾಸಿಟರ್ ಅಳತೆಗಳನ್ನು ಹೇಳುವುದಿಲ್ಲ, ಅದಕ್ಕೆ ಬಹಳ ರಾತ್ರಿ ನಿದ್ದೆಗೆಟ್ಟಿದ್ದೇನೆ.

ಗೆಳೆಯರೊಬ್ಬರು ನೂರಿಪ್ಪತ್ತು ವಾಟ್‌ನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಹೊತ್ತು ತಂದರು, ‘ಈಗ ನೋಡಿ ಬೇಸ್’ ಅಂತ. ಜೋಡಿಸಿದರೆ ಬೇಸ್ ಇನ್ನಷ್ಟು ತೆಳುವಾಯಿತು! ಅವರೇ ವೈರು ಎರಡು ಸಲ ತಿರುವಿ ನೋಡಿದರು. ಟ್ರಾನ್ಸಿಸ್ಟರ್‌ನಲ್ಲಿ ಹೆಚ್ಚುಕಡಿಮೆ ಇಲ್ಲದ ಔಟ್‌ಪುಟ್ ಇಂಪಿಡೆನ್ಸ್ ತುಂಬಲು ನಾನು ವೂಫರ್ ತಂತಿಗೆ ಸರಣಿಯಲ್ಲಿ 2 ಓಮ್, 20 ವಾಟ್ ರೆಸಿಸ್ಟರ್ ಸೇರಿಸಿದೆ. ಹೋದ ಬೇಸ್ ಬಹುಪಾಲು ವಾಪಸ್ ಬಂತು. ರೆಸಿಸ್ಟರ್ ಮಾತ್ರ ಮುಟ್ಟಲಾಗದಷ್ಟು ಕಾದಿತ್ತು. ಟ್ರಾನ್ಸಿಸ್ಟರ್ ಇರುವವರು ಈ ಸರ್ಕಸ್ ಬಿಟ್ಟು ಮೊದಲೇ ಕ್ಯುಟಿಎಸ್ 0.4ರ ವೂಫರ್ ಕೊಳ್ಳಲಿ.

ಮೂಲೆಗೆ ತಳ್ಳಿದರೆ ಬೇಸ್ ಪುಕ್ಕಟೆ ಹೆಚ್ಚುತ್ತದೆ ಎಂದು ಅದನ್ನೂ ನೋಡಿದೆ. 60 ಹರ್ಟ್ಜ್ ಸುತ್ತ ಗುಂಯ್ ಎನ್ನತೊಡಗಿತು. ಒಂದೂವರೆ ಅಡಿ ಮುಂದೆ ಎಳೆದ ಮೇಲೆ ಹದಕ್ಕೆ ಬಂತು. ಪೆಟ್ಟಿಗೆಯ ಒಳಗೆ ಉಣ್ಣೆ ತುಂಬಿದ್ದು ಎಲ್ಲಿ, ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಮೂರು ಗೋಡೆಗೆ ಹಾಕಿದ್ದೇನೆ, ಯಾವ ಮೂರು ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.