ಪೇಸ್ ಹತ್ತು ದಾಟಿದರೆ ಆಟೋ: ನಡೆದೇ ಹಾಫ್ ಮ್ಯಾರಥಾನ್ ಮುಗಿಸಿದ ನನ್ನ ಅನುಭವ

ಹೋದ ತಿಂಗಳು ಬೆಂಗಳೂರಿನಲ್ಲಿ ಹಾಫ್ ಮುಗಿಸಿದೆ. 21.1 ಕಿ.ಮೀ., 3 ಗಂಟೆ 24 ನಿಮಿಷ. ಕಟ್-ಆಫ್, ಅಂದರೆ ಮುಗಿಸಲೇಬೇಕಾದ ಸಮಯದ ಮಿತಿ, ಇದ್ದದ್ದು ಮೂರೂವರೆ ಗಂಟೆ. ಒಂದು ಹೆಜ್ಜೆಯೂ ಓಡಲಿಲ್ಲ, ಪೂರ್ತಿ ನಡಿಗೆ. ನನಗೆ 53 ವರ್ಷ. ಎಡ ಮಂಡಿ ಸವೆದಿದೆ. "ಓಡೋದು ಬೇಡ, ಎಷ್ಟು ಬೇಕಾದರೂ ನಡೀರಿ" ಅಂತ ಡಾಕ್ಟರು ಹೇಳಿ ನಾಲ್ಕು ವರ್ಷ ಆಯಿತು. ನಮ್ಮ ಗುಂಪಿನ ಕೋಚ್ ಮಾತ್ರ "ಮೇಡಮ್, ಮಧ್ಯೆ ಮಧ್ಯೆ ಜಾಗ್ ಸೇರಿಸದೆ ಕಟ್-ಆಫ್ ಒಳಗೆ ಆಗಲ್ಲ" ಅನ್ನುತ್ತಲೇ ಇದ್ದರು. ಆಯಿತು. ಹೇಗೆ ಅಂತ ಗುಂಪಿನಲ್ಲಿ ಎಲ್ಲರೂ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಲೆಕ್ಕ ಇಷ್ಟೇ. ಕಿಲೋಮೀಟರಿಗೆ ಹತ್ತು ನಿಮಿಷಕ್ಕಿಂತ ಒಂದು ಚೂರು ಕಡಿಮೆ ಬೇಕು. ಹೀಗೆ ಒಂದು ಕಿಲೋಮೀಟರಿಗೆ ಹಿಡಿಯುವ ನಿಮಿಷಕ್ಕೇ ಪೇಸ್ ಅನ್ನೋದು. ಒಂದು ಕಿಲೋಮೀಟರು ಹಾಗೆ ನಡೆಯೋದು ಕಷ್ಟ ಅಲ್ಲ. ಇಪ್ಪತ್ತೊಂದು ಸಲ ಬಿಡದೆ ನಡೆಯೋದೇ ಕಷ್ಟ.

ಮೊದಲ ವರ್ಷ ಎಲ್ಲರೂ ಹೇಳಿದ ಹಾಗೇ ಮಾಡಿದೆ. ಮೊದಲು ದೂರ, ಆಮೇಲೆ ವೇಗ. ಮೈಸೂರಿನ ಕುಕ್ಕರಹಳ್ಳಿ ಕೆರೆ ನಮ್ಮ ಮನೆಗೆ ಹತ್ತಿರ, ಒಂದು ಸುತ್ತು ನನ್ನ ವಾಚಿನಲ್ಲಿ ನಾಲ್ಕೂವರೆ ಕಿ.ಮೀ. ಆಸುಪಾಸು ಬರುತ್ತದೆ. ಎರಡು ಸುತ್ತು, ಮೂರು ಸುತ್ತು, ಕೊನೆಗೆ ನಾಲ್ಕೂವರೆ ಸುತ್ತು. ಕುವೆಂಪು ಅವರು ವಾಕಿಂಗ್ ಮಾಡುತ್ತಿದ್ದ ದಂಡೆ ಅದು, ಬೆಳಗಿನ ಹೊತ್ತು ಹಕ್ಕಿ ನೋಡಿಕೊಂಡು ನಡೆದರೆ ದೂರ ಗೊತ್ತೇ ಆಗಲ್ಲ. ಆದರೆ ವೇಗವೂ ಬರಲಿಲ್ಲ. 21 ಕಿ.ಮೀ. ನಡೆದೆ, 4 ಗಂಟೆ 5 ನಿಮಿಷ ಹಿಡಿಯಿತು. ಇನ್ನೊಂದು ತಿಂಗಳು ಬಿಟ್ಟು ನಡೆದರೂ ಅಷ್ಟೇ. ವಾರವಾರ ನಿಧಾನವಾಗಿ ನಡೆಯೋದನ್ನೇ ಕಾಲಿಗೆ ಕಲಿಸಿದ್ದೆ, ಅದು ಕಲಿಸಿದ್ದನ್ನೇ ಮಾಡುತ್ತಿತ್ತು.

ಅದೇ ತಯಾರಿಯಲ್ಲಿ ಮೊದಲ ಸಲ ಬೆಂಗಳೂರಿಗೆ ರೇಸಿಗೆ ಹೋದೆ. ಮೊದಲ 10 ಕಿ.ಮೀ. ಜನರ ಉತ್ಸಾಹದಲ್ಲಿ 99 ನಿಮಿಷಕ್ಕೆ ಬಂತು. ಆಮೇಲೆ ಅಂಗಾಲು ಉರಿಯೋಕೆ ಶುರು. ಕೆರೆ ದಂಡೆಯ ಮಣ್ಣಿನ ಮೇಲೆ ತಿಂಗಳುಗಟ್ಟಲೆ ನಡೆದ ಕಾಲಿಗೆ ಟಾರು ಗೊತ್ತೇ ಇರಲಿಲ್ಲ ಅಲ್ವಾ. 17ನೇ ಕಿಲೋಮೀಟರಿಗೆ ನನ್ನ ವಾಚಿನಲ್ಲಿ 2:58, ಆಯೋಜಕರ ಗಡಿಯಾರದಲ್ಲಿ 3:05. ಅವರು ಲೆಕ್ಕ ಹಿಡಿಯೋದು ಸ್ಟಾರ್ಟ್ ಕೊಟ್ಟ ಕ್ಷಣದಿಂದ, ನಾನು ಸ್ಟಾರ್ಟ್ ಲೈನ್ ದಾಟಿದ ಕ್ಷಣದಿಂದ ಅಲ್ಲ. ನಡೆಯೋರು ಹಿಂದೆ ನಿಲ್ಲಬೇಕು ಅಂದುಕೊಂಡು ಕಟ್ಟಕಡೆಗೆ ನಿಂತು ಏಳು ನಿಮಿಷ ಅಲ್ಲೇ ಕಳೆದುಕೊಂಡಿದ್ದೆ. ಹದಿನೈದನೇ ಕಿಲೋಮೀಟರಿನಲ್ಲಿ ನೀರಿನ ಮೇಜು ಆಗಲೇ ಮಡಚುತ್ತಿದ್ದರು. 17ರಲ್ಲಿ, ಇನ್ನು ಕಟ್-ಆಫ್ ಒಳಗೆ ಆಗಲ್ಲ ಅಂತ ವ್ಯಾನು ಹತ್ತಿಸಿದರು. ವ್ಯಾನಿನಲ್ಲಿ ಅತ್ತುಬಿಟ್ಟೆ. ಕಾಲು ನೋವಿಗಲ್ಲ, ಇನ್ನು ನಾಲ್ಕೇ ಕಿಲೋಮೀಟರು ಇತ್ತಲ್ಲ ಅಂತ.

ಮನೆಗೆ ಬಂದು ಎರಡು ವಾರ ಶೂ ಮುಟ್ಟಲಿಲ್ಲ. ಆಮೇಲೆ ಎಲ್ಲ ತಿರುಗಿಸಿ ಹಾಕಿದೆ: ಮೊದಲು ವೇಗ, ಆಮೇಲೆ ದೂರ.

16 ವಾರ ತೆಗೆದುಕೊಂಡೆ. ಮೊದಲ ಐದು ವಾರ 6 ಕಿ.ಮೀ. ಮೇಲೆ ನಡೆಯಲೇ ಇಲ್ಲ. ಮಂಗಳವಾರ ಎರಡು ನಿಮಿಷ ಜೋರು, ಒಂದು ನಿಮಿಷ ಸಲೀಸು, ಹೀಗೆ ಹತ್ತು ಸಲ. ಗುರುವಾರ 5 ಕಿ.ಮೀ. ಒಂದೇ ಸಮ, ಟೈಮ್ ಬರೆದಿಡೋದು. ಶುರುವಿನಲ್ಲಿ 51 ನಿಮಿಷ ಇತ್ತು, ಹತ್ತನೇ ವಾರದ ಹೊತ್ತಿಗೆ ನಲವತ್ತೈದೂವರೆಗೆ ಬಂತು. ಫೋನಿನಲ್ಲಿ ಟಿಕ್ ಟಿಕ್ ಅಂತ ತಾಳ ಕೊಡುವ ಮೆಟ್ರೊನೋಮ್ ಹಾಕಿ ನಿಮಿಷಕ್ಕೆ 130 ಹೆಜ್ಜೆಯಿಂದ ಶುರು ಮಾಡಿ, ವಾರಕ್ಕೆ ಎರಡೋ ಮೂರೋ ಏರಿಸುತ್ತಾ 150ಕ್ಕೆ ತಂದೆ. ಹೆಜ್ಜೆ ಉದ್ದ ಮಾಡೋಕೆ ಹೋಗಬೇಡಿ. ನಾನು ಹೋಗಿ ಮೊಣಕಾಲ ಕೆಳಗೆ ಮುಂದಿನ ಮೂಳೆ ಪಕ್ಕ ನೋವು ತರಿಸಿಕೊಂಡೆ, ಫಿಸಿಯೋಗೆ ಆರು ಸಲ ತಲಾ 600 ರೂಪಾಯಿ ಕೊಟ್ಟೆ. ಚಿಕ್ಕ ಹೆಜ್ಜೆ, ಬೇಗ ಬೇಗ, ಮೊಣಕೈ ಮಡಚಿ. ಕೈ ಬೇಗ ಆಡಿದರೆ ಕಾಲು ತಾನಾಗೇ ಹಿಂದೆ ಬರುತ್ತದೆ.

ಆರನೇ ವಾರದಿಂದ ಭಾನುವಾರದ ಲಾಂಗ್ ವಾಕ್. 8 ಕಿ.ಮೀ.ಯಿಂದ ಶುರು, ಟಾರು ರಸ್ತೆ ಮಾತ್ರ. ಮಾನಸಗಂಗೋತ್ರಿ ಕ್ಯಾಂಪಸ್ ಒಳಗೆ ಒಂದಷ್ಟು, ಆಮೇಲೆ ರಿಂಗ್ ರೋಡಿನಲ್ಲಿ ಬೋಗಾದಿ ಕಡೆಗೆ. ನನ್ನ ನಿಯಮ ಒಂದೇ. ಪೇಸ್ ಒಂಬತ್ತೂವರೆಯಲ್ಲಿ ಇರಬೇಕು. ಹತ್ತು ದಾಟಿತು, ಎರಡು ನಿಮಿಷದಲ್ಲಿ ವಾಪಸ್ ಬರಲಿಲ್ಲ ಅಂದರೆ ಆ ದಿನ ಅಲ್ಲಿಗೆ ಮುಗಿಯಿತು. ಜೇಬಿನಲ್ಲಿ ಇನ್ನೂರು ರೂಪಾಯಿ ಇರುತ್ತಿತ್ತು, ಆಟೋ ಹತ್ತಿ ಮನೆಗೆ. ಸುಮ್ನೆ ಎಳೆದುಕೊಂಡು ನಡೆಯೋದೇ ಇಲ್ಲ.

ಇದಕ್ಕೆ ಎಲ್ಲರೂ ಬೈದರು. "ಅಕ್ಕ, ಅರ್ಧಕ್ಕೆ ಬಿಡೋದನ್ನೇ ಪ್ರಾಕ್ಟೀಸ್ ಮಾಡ್ತಿದ್ದೀರ" ಅಂದಳು ಜೊತೆಗೆ ನಡೆಯುವ ಹುಡುಗಿ. ನಮ್ಮೆಜಮಾನರೂ ಅದನ್ನೇ ಹೇಳಿದರು. ಮೊದಲ ಭಾನುವಾರ ಆರನೇ ಕಿಲೋಮೀಟರಿಗೇ ಆಟೋ ಹತ್ತಿದೆ. ಮುಂದಿನ ವಾರ ಏಳೂವರೆ. ಆಮೇಲೆ ಹನ್ನೊಂದಕ್ಕೆ ಏರಿ ಮತ್ತೆ ಒಂಬತ್ತಕ್ಕೆ ಬಿತ್ತು, ಹಿಂದಿನ ರಾತ್ರಿ ಮದುವೆ ಮನೆಯಿಂದ ತಡವಾಗಿ ಬಂದು ನಿದ್ದೆ ಆಗಿರಲಿಲ್ಲ. ಆದರೆ ನಡೆದ ಒಂದೊಂದು ಕಿಲೋಮೀಟರೂ ರೇಸಿನ ವೇಗದ್ದೇ. ಹದಿಮೂರನೇ ವಾರ 18 ಕಿ.ಮೀ. ಒಂಬತ್ತು ಮುಕ್ಕಾಲು ಪೇಸ್‌ನ ಒಳಗೇ ಮುಗಿಯಿತು, ಅದಕ್ಕಿಂತ ಜಾಸ್ತಿ ರೇಸಿಗೆ ಮೊದಲು ನಡೆಯಲೇ ಇಲ್ಲ. ಕೊನೆಯ ಮೂರು ವಾರ ಇಳಿಸುತ್ತಾ ಬಂದೆ. ಒಟ್ಟು ಆಟೋ ಖರ್ಚು ಸುಮಾರು 900 ರೂಪಾಯಿ. ಇಡೀ ತಯಾರಿಯಲ್ಲಿ ಇದಕ್ಕಿಂತ ಲಾಭದ ಖರ್ಚು ಬೇರೆ ಇಲ್ಲ.

ಬೇರೆ ಖರ್ಚು ಹೇಳುತ್ತೇನೆ. 1,800ರ ಶೂ ಮೊದಲು, ನನ್ನ ಅಳತೆಗೆ ಸರಿಯಾಗಿ ತೆಗೆದುಕೊಂಡು ಎರಡು ಉಗುರು ಕಪ್ಪಾದವು. ಆಮೇಲೆ ಒಂದು ಸೈಜು ದೊಡ್ಡದು, ಹೆಚ್ಚು ಕಡಿಮೆ 7,000. ಕಾಲ್ಚೀಲ ಮೂರು ಜೊತೆ 1,200, ಇದರಲ್ಲಿ ಕಂಜೂಸಿ ಮಾಡಬೇಡಿ, ಹತ್ತಿಯದು ಒದ್ದೆಯಾಗಿ ಹಿಮ್ಮಡಿಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಎನರ್ಜಿ ಜೆಲ್ ಎಂಟೋ ಹತ್ತೋ ತರಿಸಿ ಎರಡು ಮಾತ್ರ ತಿಂದೆ, ಎರಡೂ ಸಲ ಹೊಟ್ಟೆ ಕೆಟ್ಟಿತು. ಈಗ ಬೆಲ್ಲದ ಚೂರು, ಖರ್ಜೂರ, ಉಪ್ಪು ಹಾಕಿದ ನಿಂಬೆ ಪಾನಕ. ಪಾನಕಕ್ಕೆ ಇನ್ನೊಂದು ಹಾಕುತ್ತೇನೆ, ಅದು ನಮ್ಮಮ್ಮನದು, ಇಲ್ಲಿ ಬರೆಯಲ್ಲ. ಎಂಟ್ರಿ ಫೀಸು ಎರಡು ಸಲ, ಲಾಡ್ಜು, ಟ್ರೈನು ಎಲ್ಲ ಸೇರಿ ಎರಡು ವರ್ಷಕ್ಕೆ 25 ಸಾವಿರದ ಹತ್ತಿರ ಆಗಿರಬಹುದು. ವಾಚು ಮಗ ಕೊಡಿಸಿದ್ದು, ಅದು ಲೆಕ್ಕದಲ್ಲಿಲ್ಲ.

ಮಧ್ಯೆ ರೇಸ್ ವಾಕಿಂಗ್, ಅಂದರೆ ಸ್ಪರ್ಧೆಯ ವೇಗದ ನಡಿಗೆ, ಕೂಡ ಪ್ರಯತ್ನಿಸಿದೆ. ನಮ್ಮ ದೇಶದ ಕೆ.ಟಿ. ಇರ್ಫಾನ್ 2012ರ ಲಂಡನ್ ಒಲಿಂಪಿಕ್ಸಿನಲ್ಲಿ 20 ಕಿ.ಮೀ. ನಡೆದದ್ದು 1 ಗಂಟೆ 20 ನಿಮಿಷದಲ್ಲಿ, ಹತ್ತನೇ ಸ್ಥಾನ. ಕಿಲೋಮೀಟರಿಗೆ ನಾಲ್ಕು ನಿಮಿಷ! ಪ್ರಿಯಾಂಕಾ ಗೋಸ್ವಾಮಿ 2022ರ ಕಾಮನ್‌ವೆಲ್ತ್‌ನಲ್ಲಿ 10 ಕಿ.ಮೀ. ನಡೆದು ಬೆಳ್ಳಿ ತಂದರು. ಆ ವೀಡಿಯೊಗಳನ್ನು ನೋಡಿ ನೋಡಿ ಕೈ, ಸೊಂಟ ಕಲಿತೆ. ಆದರೆ ಮುಂದಿಟ್ಟ ಕಾಲು ನೆಲ ಮುಟ್ಟುವಾಗ ಮಂಡಿ ನೆಟ್ಟಗಿರಬೇಕು ಅನ್ನುವ ನಿಯಮ ನನ್ನ ಮಂಡಿಗೆ ಆಗಲಿಲ್ಲ, ಎರಡು ವಾರಕ್ಕೆ ಬಿಟ್ಟೆ. ಚಾಮುಂಡಿ ಬೆಟ್ಟದ ಮೆಟ್ಟಿಲೂ ಒಂದು ತಿಂಗಳು ಹತ್ತಿದೆ. ಉಸಿರು ಚೆನ್ನಾಯಿತು, ಮೀನಖಂಡ ಗಟ್ಟಿಯಾಯಿತು, ಆದರೆ ಮಂಗಳವಾರದ ವೇಗ ಕಮ್ಮಿಯಾಯಿತು. ಬೆಟ್ಟ ಈಗ ದೇವಿಗೆ ಮಾತ್ರ.

ಹೆಂಗಸರಿಗೆ ಒಂದು ಮಾತು. ಉಂಗುರ, ಬಳೆ ಹಿಂದಿನ ದಿನವೇ ತೆಗೆದಿಡಿ. ಹತ್ತು ಕಿಲೋಮೀಟರು ದಾಟಿದ ಮೇಲೆ ಬೆರಳು ಊದಿಕೊಳ್ಳುತ್ತದೆ, ಒಂದು ಸಲ ನನ್ನ ಉಂಗುರ ಸೋಪು ಹಾಕಿದರೂ ಬರದೆ ಗಾಬರಿಯಾಗಿತ್ತು. ಕೈ ಮಡಚಿ ನಡೆಯೋಕೆ ಶುರು ಮಾಡಿದ ಮೇಲೆ ಊತ ಅರ್ಧ ಕಮ್ಮಿ.

ಈ ಸಲ ರೇಸಿನ ದಿನ ಜನರ ಸಾಲಿನ ಮಧ್ಯದಲ್ಲಿ, ಎಡಗಡೆ ಅಂಚಿಗೆ ನಿಂತೆ. ಸ್ಟಾರ್ಟ್ ಲೈನ್ ದಾಟೋಕೆ ಎರಡು ನಿಮಿಷ ಮಾತ್ರ ಹೋಯಿತು. 17ನೇ ಕಿಲೋಮೀಟರಿಗೆ ಗಡಿಯಾರ 2:44 ತೋರಿಸುತ್ತಿತ್ತು, ಹೋದ ಸಲದ ಥರದ್ದೇ ವ್ಯಾನು ರಸ್ತೆ ಪಕ್ಕ ನಿಂತಿತ್ತು. ಅದನ್ನು ದಾಟಿ ಹೋಗುವಾಗ ಬಂದ ಸಂತೋಷ ಮೆಡಲ್ ಹಾಕಿಸಿಕೊಂಡಾಗಲೂ ಬರಲಿಲ್ಲ. 19ರಲ್ಲಿ ಬಲಗಾಲಿನ ಮೀನಖಂಡ ಹಿಡಿಯಿತು. ಅಲ್ಲಿ ಮಾಡಿದ ಒಂದು ಉಪಾಯ ಇದೆ, ಅದನ್ನು ಇನ್ನೊಂದು ಸಲ ಮಾಡಿ ನೋಡಿ ಆಮೇಲೆ ಹೇಳುತ್ತೇನೆ.

ಕೋಚ್ ಫೋನ್ ಮಾಡಿ ವೇಳಾಪಟ್ಟಿ ಕಳಿಸಿ ಅಂದರು. ಕಳಿಸಿದೆ. ಈಗ ಗುಂಪಿನ ಇಬ್ಬರು ಜೇಬಿನಲ್ಲಿ ಆಟೋ ಕಾಸು ಇಟ್ಟುಕೊಂಡು ಭಾನುವಾರ ಬರುತ್ತಿದ್ದಾರೆ. ನನ್ನ ಮುಂದಿನ ಗುರಿ 3 ಗಂಟೆ 10 ನಿಮಿಷ, ಅದಕ್ಕೆ ಒಂಬತ್ತರ ಪೇಸ್ ಬೇಕು. ಈ ಗುರುವಾರದ 5 ಕಿ.ಮೀ. 44 ನಿಮಿಷಕ್ಕೆ ಬಂದಿದೆ.