ಮೈನಸ್ 20ರಲ್ಲಿ ಮರ ಕೊಯ್ಯಲು ಚೈನ್‌ಸಾ: ಕೊಳ್ಳುವ ಮೊದಲು ಹಿಡಿ ನೋಡಿ

ನಮ್ಮ ಮಲೆನಾಡಿನಲ್ಲಿ ಚೈನ್‌ಸಾ ಕೊಳ್ಳುವವರು ಮೊದಲು ಕೇಳುವುದು ಒಂದೇ ಮಾತು: 'ಎಷ್ಟು ದಪ್ಪದ ಮರ ಕೊಯ್ಯುತ್ತೆ?' ಉತ್ತರ ಸ್ವೀಡನ್ನಿನ ಉಮಿಯೋ ಊರಿಗೆ ಬಂದ ಮೇಲೆ ನಾನೂ ಅಂಗಡಿಯಲ್ಲಿ ಅದನ್ನೇ ಕೇಳಿದೆ. ಅವರು ಅದಕ್ಕಷ್ಟೇ ಉತ್ತರ ಕೊಟ್ಟು, ಒಂದು ಗರಗಸ ಕೊಟ್ಟು ಕಳಿಸಿದರು. ಜನವರಿಯ ಒಂದು ಬೆಳಿಗ್ಗೆ, ಮೈನಸ್ 18 ಡಿಗ್ರಿಯಲ್ಲಿ, ಅರ್ಧ ಗಂಟೆ ಬರ್ಚ್ ಮರ ಕೊಯ್ದು ಕೈಗವಸು ತೆಗೆದರೆ ಎಡಗೈಯ ಎರಡು ಬೆರಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು. ಚಿವುಟಿದರೂ ಗೊತ್ತಾಗಲಿಲ್ಲ. ಕೇಳಬೇಕಿದ್ದ ಪ್ರಶ್ನೆಯೇ ಬೇರೆ ಎಂದು ಆಗ ಹೊಳೆಯಿತು.

ಇಷ್ಟು ಚಳಿಯಲ್ಲಿ ಮರ ಕೊಯ್ಯುವುದು ಹುಚ್ಚಲ್ವಾ ಅನ್ನಿಸಬಹುದು. ಆದರೆ ಇಲ್ಲಿ ಕಾಡಿನ ಕೆಲಸಕ್ಕೆ ಚಳಿಗಾಲವೇ ಸುಗ್ಗಿ. ನೆಲ ಹೆಪ್ಪುಗಟ್ಟಿರುತ್ತದೆ, ದಿಮ್ಮಿ ಎಳೆದರೆ ಕೆಸರಾಗುವುದಿಲ್ಲ. ಈಗ ಕೊಯ್ದು ಸೀಳಿಟ್ಟ ಸೌದೆ ಬೇಸಿಗೆಯಲ್ಲಿ ಒಣಗಿ ಮುಂದಿನ ಚಳಿಗೆ ಸಿದ್ಧವಾಗುತ್ತದೆ. ಹೆಪ್ಪುಗಟ್ಟಿದ ಬರ್ಚ್ ತುಂಡು ಕೊಡಲಿಯ ಒಂದೇ ಏಟಿಗೆ ಎರಡು ಹೋಳು!

ಮೊದಲು ಹಿಡಿ

ವೃತ್ತಿಯವರ ಗರಗಸಗಳಲ್ಲಿ ಒಂದೇ ಮಾದರಿ ಎರಡು ಬಗೆಯಲ್ಲಿ ಸಿಗುತ್ತದೆ: ಸಾದಾ ಹಿಡಿಯದು, ಬಿಸಿಯಾಗುವ ಹಿಡಿಯದು. ಗುರುತು ಹೆಸರಿನ ಬಾಲದಲ್ಲಿದೆ. ಹಸ್ಕ್‌ವಾರ್ನಾ ಕಂಪನಿಯ ಗರಗಸದಲ್ಲಿ 'ಜಿ' ಅಕ್ಷರ ಇದ್ದರೆ ಬಿಸಿ ಹಿಡಿ. ಉದಾಹರಣೆಗೆ 550 ಎಕ್ಸ್‌ಪಿಜಿ. ಸ್ಟೀಲ್ (Stihl) ಕಂಪನಿಯದರಲ್ಲಿ 'ಡಬ್ಲ್ಯು' ಅಂದರೆ ಬಿಸಿ ಹಿಡಿ, 'ವಿ' ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್‌ಗೂ ಬಿಸಿ. ಎರಡೂ ಬೇಕಾದವರು ಎಂಎಸ್ 261 ಸಿ-ಎಂ ವಿಡಬ್ಲ್ಯು ಕೇಳುತ್ತಾರೆ. ಇಂಜಿನ್ ತಿರುಗುವಾಗ ಒಳಗಿನ ಪುಟ್ಟ ಜನರೇಟರ್ ಕರೆಂಟು ಹುಟ್ಟಿಸಿ ಹಿಡಿಯನ್ನು ಬಿಸಿ ಮಾಡುತ್ತದೆ. ಬೇಡವಾದಾಗ ಆರಿಸಲು ಸ್ವಿಚ್ ಇದೆ.

ಇದನ್ನು ಸುಖದ ವಸ್ತು ಅಂದುಕೊಳ್ಳಬೇಡಿ. ನಡುಗುವ ಯಂತ್ರವನ್ನು ವರ್ಷಗಟ್ಟಲೆ ಹಿಡಿದವರ ಬೆರಳಿನ ರಕ್ತನಾಳಗಳು ಕೆಡುತ್ತವೆ. ಚಳಿ ತಾಗಿದ ಕೂಡಲೇ ಅವು ಬಿಗಿದುಕೊಂಡು ಬೆರಳು ಬಿಳಿಚುತ್ತದೆ. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲೇ ಇಂಡಿಯಾನಾದ ಕಲ್ಲು ಕೆತ್ತುವವರಲ್ಲಿ ಈ 'ಬಿಳಿ ಬೆರಳು' ಕಂಡು ಬರೆದಿದ್ದರು. ಶುರುವಾದ ಮೇಲೆ ಪೂರ್ತಿ ವಾಸಿಯಾಗುವುದು ಕಷ್ಟ. ನನಗೆ ಅವತ್ತು ಆದದ್ದು ಬರೀ ಚಳಿಯ ಪೆಟ್ಟು, ಒಲೆಯ ಮುಂದೆ ಕೂತ ಮೇಲೆ ಸರಿಹೋಯಿತು. ಹೆದರಿಕೆ ಮಾತ್ರ ಹೋಗಲಿಲ್ಲ.

ಹಾಗಾಗಿ ಗರಗಸದ ಪುಸ್ತಿಕೆಯಲ್ಲಿ ಕುದುರೆಶಕ್ತಿಗಿಂತ ಮೊದಲು ಕಂಪನದ ಅಂಕಿ ಹುಡುಕಿ. ಮುಂದಿನ ಹಿಡಿಗೆ ಒಂದು, ಹಿಂದಿನದಕ್ಕೆ ಒಂದು ಕೊಟ್ಟಿರುತ್ತಾರೆ. ಯುರೋಪಿನ ನಿಯಮದ ಪ್ರಕಾರ 8 ಗಂಟೆಯ ಸರಾಸರಿ ಕಂಪನ 2.5 ಮೀ/ಸೆ² ದಾಟಿದರೆ ಕೆಲಸ ಕೊಟ್ಟ ಮಾಲೀಕ ಕ್ರಮ ಕೈಗೊಳ್ಳಬೇಕು, 5 ದಾಟುವಂತೆಯೇ ಇಲ್ಲ. ಎರಡು ಗರಗಸ ಉಳಿದೆಲ್ಲದರಲ್ಲಿ ಸಮ ಇದ್ದರೆ, ಕಂಪನ ಕಡಿಮೆ ಇರುವುದನ್ನು ಕಣ್ಣು ಮುಚ್ಚಿ ತಗೊಳ್ಳಿ. ಅಂಗಡಿಯಲ್ಲಿ ದಪ್ಪ ಕೈಗವಸು ಹಾಕಿಕೊಂಡೇ ಹಿಡಿದು ನೋಡಿ. ಆಗ ಸ್ವಿಚ್ಚು ಸಿಗುತ್ತದಾ? ಟ್ಯಾಂಕಿನ ಮುಚ್ಚಳ ತಿರುಗುತ್ತದಾ? ನನ್ನ ಮೊದಲ ಗರಗಸದಲ್ಲಿ ಎರಡೂ ಆಗುತ್ತಿರಲಿಲ್ಲ.

ಗಾತ್ರ

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇಲ್ಲಿನ ಸ್ಪ್ರೂಸ್, ಪೈನ್, ಬರ್ಚ್ ಮರಗಳಿಗೆ 50 ಸಿಸಿ ಇಂಜಿನ್, 13 ಇಲ್ಲವೇ 15 ಇಂಚಿನ ಬಾರ್ (ಚೈನು ಸುತ್ತುವ ಉದ್ದ ಪಟ್ಟಿ) ಸಾಕು. ಮೇಲೆ ಹೇಳಿದ ಎರಡೂ ಮಾದರಿ ಇದೇ ವರ್ಗದವು, ಶಕ್ತಿ ಸುಮಾರು 3 ಕಿಲೋವಾಟ್, ತೂಕ 5 ಕೆಜಿಯ ಆಸುಪಾಸು. ಮಂಡಿಯುದ್ದ ಹಿಮದಲ್ಲಿ ನಡೆಯುವಾಗ ಪ್ರತಿ ಅರ್ಧ ಕೆಜಿಯೂ ಲೆಕ್ಕಕ್ಕೆ ಬರುತ್ತದೆ.

ಗಾಳಿಯ ದಾರಿ

ಎರಡನೆಯದಾಗಿ ನೋಡಬೇಕಾದ್ದು ಚಳಿಗಾಲದ ಮುಚ್ಚಳ. ಪೆಟ್ರೋಲ್ ಆವಿಯಾಗುವಾಗ ಕಾರ್ಬುರೇಟರ್ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಅಲ್ಲೇ ಮಂಜುಗಡ್ಡೆ ಕಟ್ಟಿ ಇಂಜಿನ್ ಕೆಮ್ಮಿ ನಿಲ್ಲುತ್ತದೆ. ತಮಾಷೆ ಏನೆಂದರೆ, ಈ ಕಾಟ ಮೈನಸ್ 20ಕ್ಕಿಂತ ಸೊನ್ನೆಯ ಆಸುಪಾಸಿನಲ್ಲೇ ಜಾಸ್ತಿ. ತೀರಾ ಚಳಿಯ ಗಾಳಿ ಒಣಗಿರುತ್ತದೆ. ಆಗಿನ ಕಾಟ ಬೇರೆ: ಪುಡಿ ಹಿಮ ಒಳಗೆ ಸೇರಿ ಫಿಲ್ಟರ್ ಮುಚ್ಚಿಬಿಡುತ್ತದೆ.

ಮುಚ್ಚಳವನ್ನು ಚಳಿಗಾಲದ ಕಡೆಗೆ ಸರಿಸಿದರೆ, ಸಿಲಿಂಡರ್ ಸುತ್ತಲಿನ ಬಿಸಿ ಗಾಳಿ ಕಾರ್ಬುರೇಟರ್ ಕಡೆ ಹರಿಯುತ್ತದೆ. ಕೆಲವು ಮಾದರಿಗಳಲ್ಲಿ ಇದು ಜೊತೆಗೇ ಬರುತ್ತದೆ, ಕೆಲವಕ್ಕೆ ಬೇರೆ ಕಿಟ್ ಕೊಳ್ಳಬೇಕು. ಬಿಲ್ ಆಗುವ ಮೊದಲೇ ಕೇಳಿ. ವಸಂತ ಬಂದಾಗ ಅದನ್ನು ಹಿಂದಕ್ಕೆ ಸರಿಸುವುದನ್ನು ಮರೆತರೆ ಇಂಜಿನ್ ಅತಿಯಾಗಿ ಕಾಯುತ್ತದೆ. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.

ಪೆಟ್ರೋಲ್ ಮಿಶ್ರಣ

ತಣ್ಣನೆ ಗಾಳಿ ದಟ್ಟ. ಒಂದೇ ಗುಟುಕಿನಲ್ಲಿ ಜಾಸ್ತಿ ಗಾಳಿ ಒಳಹೋಗುತ್ತದೆ, ಪೆಟ್ರೋಲ್ ಸಾಲುವುದಿಲ್ಲ. ಹಾಗೇ ಓಡಿಸಿದರೆ ಪಿಸ್ಟನ್ ಕಚ್ಚಿಕೊಳ್ಳಬಹುದು. ಹಳೆಯ ಗರಗಸದಲ್ಲಿ ಸ್ಕ್ರೂ ಡ್ರೈವರ್ ಹಿಡಿದು ಹೊಂದಿಸಬೇಕು. ಹೊಸವುಗಳಲ್ಲಿ ಆಟೋಟ್ಯೂನ್, ಎಂ-ಟ್ರಾನಿಕ್ ಎಂಬ ವ್ಯವಸ್ಥೆಗಳು ಇದನ್ನು ತಾವೇ ಮಾಡುತ್ತವೆ. ಬೆಳಿಗ್ಗೆ ಮೈನಸ್ 20, ಮಧ್ಯಾಹ್ನ ಮೈನಸ್ 5 ಇರುವ ಕಡೆ ಇದಕ್ಕೆ ಕೊಡುವ ಹೆಚ್ಚುವರಿ ದುಡ್ಡು ದಂಡವಲ್ಲ.

ಬ್ಯಾಟರಿ ಗರಗಸಕ್ಕೆ ಈ ರಗಳೆ ಇಲ್ಲ. ಆದರೆ ಚಳಿಗೆ ಲಿಥಿಯಂ ಬ್ಯಾಟರಿ ಬೇಗ ಸುಸ್ತಾಗುತ್ತದೆ. ಒಂದನ್ನು ಜಾಕೆಟ್ಟಿನೊಳಗೆ ಬೆಚ್ಚಗಿಟ್ಟುಕೊಂಡು ಬದಲಾಯಿಸುತ್ತಿರಬೇಕು. ಹೆಪ್ಪುಗಟ್ಟಿದ ಬ್ಯಾಟರಿಯನ್ನು ಹಾಗೇ ಚಾರ್ಜಿಗೆ ಹಾಕಿದರೆ ಅದರ ಆಯಸ್ಸೇ ಮುಗಿಯುತ್ತದೆ.

ಚೈನು, ಎಣ್ಣೆ

ಹೆಪ್ಪುಗಟ್ಟಿದ ಮರ ಅಂದರೆ ಅರ್ಧ ಮರ, ಅರ್ಧ ಮಂಜುಗಡ್ಡೆ. ಚೂಪು ಮೂಲೆಯ ಹಲ್ಲು ಬೇಗ ಮೊಂಡಾಗುತ್ತದೆ. ಮೂಲೆ ಸ್ವಲ್ಪ ದುಂಡಗಿರುವ ಸೆಮಿ ಚಿಸೆಲ್ ಚೈನು ನಿಧಾನವಾದರೂ ತಾಳುತ್ತದೆ. ಹಲ್ಲನ್ನು ಸಾಮಾನ್ಯವಾಗಿ 30 ಡಿಗ್ರಿ ಕೋನದಲ್ಲಿ ಅರ ಹಾಕುತ್ತಾರೆ. ಚಳಿಗಾಲಕ್ಕೆ ಹಲವರು 25ಕ್ಕೆ ಇಳಿಸುತ್ತಾರೆ, ಅಲಗು ಗಟ್ಟಿ ನಿಲ್ಲುತ್ತದೆ. ನಾನು ಪ್ರತಿ ಸಲ ಪೆಟ್ರೋಲ್ ತುಂಬುವಾಗ ಎರಡೆರಡು ಎಳೆತ ಅರ ಹಾಕುತ್ತೇನೆ.

ಬೇಸಿಗೆಯ ಚೈನ್ ಎಣ್ಣೆ ಇಲ್ಲಿ ಜೇನುತುಪ್ಪದಷ್ಟು ಗಟ್ಟಿಯಾಗುತ್ತದೆ. ಪಂಪಿಗೆ ಭಾರ, ಬಾರ್‌ಗೆ ಎಣ್ಣೆ ಇಲ್ಲ. ಚಳಿಗಾಲದ ತೆಳು ಎಣ್ಣೆಯನ್ನೇ ಕೊಳ್ಳಿ. ಕೆಲಸ ಶುರು ಮಾಡುವ ಮೊದಲು ಬಾರ್‌ನ ತುದಿಯನ್ನು ಹಿಮದ ಮೇಲೆ ಹಿಡಿದು ಆಕ್ಸಿಲರೇಟರ್ ಒತ್ತಿ. ಬಿಳಿ ಹಿಮದ ಮೇಲೆ ಎಣ್ಣೆಯ ಗೆರೆ ಬಿದ್ದರೆ ಸರಿ. ಇಷ್ಟು ಸುಲಭದ ಪರೀಕ್ಷೆ ಮಲೆನಾಡಿನಲ್ಲಿ ಸಿಗುವುದಿಲ್ಲ!

ಮರದ ಮುಂದೆ ನಿಂತಾಗ

ಒಳ್ಳೆ ಗರಗಸ ಇದ್ದ ಮಾತ್ರಕ್ಕೆ ಮರ ಉರುಳಿಸಲು ಹೋಗಬೇಡಿ. ಸ್ವೀಡನ್ನಿನಲ್ಲಿ 2005ರ ಜನವರಿಯಲ್ಲಿ ಗುದ್ರುನ್ ಬಿರುಗಾಳಿ ಸುಮಾರು 7.5 ಕೋಟಿ ಘನ ಮೀಟರ್ ಮರ ಕೆಡವಿತು. ಬಿದ್ದ ಮರ ಕೊಯ್ಯಲು ಹೋಗಿಯೇ ಹಲವರು ಸತ್ತರು. ಈಗ ಕೂಲಿಗೆ ಚೈನ್‌ಸಾ ಹಿಡಿಯುವವರಿಗೆ ಇಲ್ಲಿ ತರಬೇತಿ ಕಡ್ಡಾಯ. ಜನ ಅದನ್ನು 'ಗರಗಸದ ಡ್ರೈವಿಂಗ್ ಲೈಸೆನ್ಸ್' ಅನ್ನುತ್ತಾರೆ. ಸ್ವಂತ ಸೌದೆಗೆ ಕೊಯ್ಯುವ ನಾನೂ ಅದನ್ನು ಮಾಡಿಕೊಂಡೆ.

ಅಲ್ಲಿ ಕಲಿತ ಒಂದು ಪಾಠ: ಹೆಪ್ಪುಗಟ್ಟಿದ ಮರ ಬಾಗುವುದಿಲ್ಲ, ಪಟ್ಟನೆ ಮುರಿಯುತ್ತದೆ. ಮರವನ್ನು ಬೀಳುವ ಕಡೆಗೆ ನಡೆಸುವ 'ಕೀಲು' ಭಾಗವನ್ನು ಬೇಸಿಗೆಗಿಂತ ಸ್ವಲ್ಪ ದಪ್ಪ ಬಿಡಬೇಕು. ಪ್ಲಾಸ್ಟಿಕ್ ಬೆಣೆ ಹೊಡೆದರೆ ಸೀಳಿನ ಮಂಜುಗಡ್ಡೆಗೆ ಜಾರಿ ಹಿಂದಕ್ಕೆ ಚಿಮ್ಮುತ್ತದೆ, ಗೀರುಗಳಿರುವ ಬೆಣೆ ಬೇಕು. ಬೊಡ್ಡೆಯ ಸುತ್ತ ಹಿಮ ಸರಿಸಿ, ಹಿಂದಕ್ಕೆ ಓಡುವ ದಾರಿಯನ್ನೂ ಮೊದಲೇ ತುಳಿದಿಡಿ.

ರಾತ್ರಿ ಎಲ್ಲಿಡುವುದು

ಪಾಪ, ಚಳಿಯಲ್ಲಿದೆ ಎಂದು ಮೊದಲ ವರ್ಷ ನಾನು ಗರಗಸವನ್ನು ಮನೆಯೊಳಗೆ ತಂದಿಡುತ್ತಿದ್ದೆ. ತಣ್ಣಗಿನ ಲೋಹದ ಮೇಲೆ ಮನೆಯ ತೇವ ಬೆವರಿನಂತೆ ಕೂತಿತು. ಮರುದಿನ ಹೊರಗೆ ಒಯ್ದ ಕೂಡಲೇ ಅದೇ ನೀರು ಹೆಪ್ಪುಗಟ್ಟಿ ಚೈನ್ ಬ್ರೇಕ್ ಅಲ್ಲಾಡಲಿಲ್ಲ. ಡಿಸೆಂಬರಿನಲ್ಲಿ ಇಲ್ಲಿ ಬೆಳಕು ಇರುವುದೇ ನಾಲ್ಕೂವರೆ ಗಂಟೆ. ಅದರಲ್ಲಿ ಒಂದು ಗಂಟೆ ಅದನ್ನು ಬಿಡಿಸಲು ಹೋಯಿತು.

ಈಗ ಗರಗಸದ ಹಿಮ ಒರೆಸಿ, ಟ್ಯಾಂಕ್ ತುಂಬಿಸಿ, ಚೈನು ಸಡಿಲ ಮಾಡಿ ಹೊರಗಿನ ಶೆಡ್ಡಿನಲ್ಲೇ ಇಡುತ್ತೇನೆ. ಟ್ಯಾಂಕ್ ತುಂಬಿದ್ದರೆ ಒಳಗೆ ನೀರಿನ ಹನಿ ಕೂರಲು ಜಾಗವಿಲ್ಲ. ಬಿಸಿಯಿರುವಾಗ ಬಿಗಿ ಮಾಡಿದ ಚೈನು ತಣ್ಣಗಾದಾಗ ಕುಗ್ಗಿ ಇಂಜಿನ್ನಿನ ಬೇರಿಂಗನ್ನೇ ಎಳೆಯುತ್ತದೆ, ಅದಕ್ಕೇ ಸಡಿಲ ಮಾಡುವುದು. ಎಣ್ಣೆಯ ಕ್ಯಾನು ಮಾತ್ರ ಒಳಗೆ ಬರುತ್ತದೆ, ಒಲೆಯಿಂದ ದೂರ, ಬಾಗಿಲ ಮೂಲೆಯಲ್ಲಿ ಕೂರುತ್ತದೆ.